ನಿಂತುಹೋದ ಚುಕ್ಕೆ

ಹಳೆಯ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಉಗುರಿನಗಲದ ಜಿಪಿಎಸ್ ರಿಸೀವರಿಗೆ ಅವಳು ಎರಡನೆಯ ತಂತಿ ಬೆಸೆಯುತ್ತಿದ್ದಾಗ ತಂಗಿಯ ಗಂಡ ಅಂಗಡಿಯ ಬಾಗಿಲಲ್ಲಿ ಬಂದು ನಿಂತ.

“ಅಕ್ಕ, ಕಾಡಲ್ಲಿ ಮರ ಎಣಿಸೋಕೆ ಹೋದ ನಿಮ್ಮ ತಂಗಿ ನಿನ್ನೆಯಿಂದ ವಾಪಸ್ ಬಂದಿಲ್ಲ. ನೀವು ರಿಸೀವರ್ ಹಾಕಿಕೊಟ್ಟ ಫೋನಿನ ಚುಕ್ಕೆ ಅರಣ್ಯ ಆಫೀಸಿನ ಕಂಪ್ಯೂಟರಲ್ಲಿ ಬೆಟ್ಟದ ಮೇಲಿನ ಚಪ್ಪಟೆ ಬಂಡೆ ಮೇಲೇ ಕಾಣ್ತಿದೆ. ಹೋಗಿ ನೋಡಿದ್ವಿ. ಬಂಡೆ ಇದೆ, ಅವಳಿಲ್ಲ.”

ಅಕ್ಕ ಬೆಸುಗೆ ಕಡ್ಡಿ ಕೆಳಗಿಟ್ಟಳು. ದಟ್ಟ ಮರಗಳಡಿಗೋ ಕಮರಿಗೋ ಹೋದರೆ ರಿಸೀವರಿಗೆ ಆಕಾಶ ಸಿಗುವುದಿಲ್ಲ, ಪರದೆ ಖಾಲಿಯಾಗುತ್ತದೆ. ಕೆಟ್ಟುಹೋಯಿತೆಂದು ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ಅವರ ಬಾಯಿ ಮುಚ್ಚಿಸಲು, ಕೊನೆಗೆ ಸಿಕ್ಕ ಜಾಗವನ್ನೇ ತೋರಿಸುತ್ತಿರುವಂತೆ ಮಾಡಿದ್ದವಳು ಅವಳೇ.

“ನಾನೂ ಬರ್ತೀನಿ.”

“ಮಹಡಿ ಹತ್ತಿದ್ರೆ ಏದುಸಿರು ಬಿಡ್ತೀರ, ನೀವೆಲ್ಲಿ ಬೆಟ್ಟ ಹತ್ತೋದು?”

“ಇಳಿಯೋದಿದೆ,” ಎಂದಳು. ಹೇಗೆ ಗೊತ್ತೆಂದು ಅವನು ಕೇಳಲಿಲ್ಲ.

ಕಾಡಿನ ಕಾವಲುಗಾರ ಹಗ್ಗ ಹೊತ್ತು ಮುಂದೆ ನಡೆದ. ಬೂದು ಮಂಜು ಮರಗಳ ಸೊಂಟದವರೆಗೆ ನಿಂತಿತ್ತು. ಕಾಂಡಗಳ ಮೇಲೆ ತಂಗಿ ಬಳಿದ ಬಿಳಿ ಸಂಖ್ಯೆಗಳು ಒಂದೊಂದಾಗಿ ಎದುರಾಗಿ, ನಾನೂರ ಹನ್ನೆರಡಕ್ಕೆ ಮುಗಿದವು. ಮುಂದಿನ ಮರ ಬೋಳಾಗಿತ್ತು. ಅದರಾಚೆ ಬಂಡೆ.

ಅಕ್ಕ, ಅಂಥದೇ ರಿಸೀವರಿದ್ದ ತನ್ನ ಫೋನು ಹಿಡಿದು ಬಂಡೆಯಿಂದ ಎಡಕ್ಕೆ, ಮರಗಳ ಕತ್ತಲೆಯೊಳಗೆ ನಡೆದಳು. ಮೂವತ್ತು ಹೆಜ್ಜೆ. ಚುಕ್ಕೆ ಕದಲಲಿಲ್ಲ. ಕಾಲಡಿ ನೆಲ ಮುಗಿದಿತ್ತು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಮರಿಗೆ ಇಳಿದಳು. ಹಗ್ಗ ಬಿಗಿಯಿತು. ಕಲ್ಲು ಜಾರಿತು. ಅಂಗೈ ಸುಲಿಯಿತು.

“ಕೆಳಗೆ ನೋಡ್ಬೇಡಿ ಅಮ್ಮ,” ಎಂದ ಕಾವಲುಗಾರ.

“ನೋಡೋಕೇ ಬಂದಿರೋದು ಕಣಪ್ಪ.”

ಎರಡು ಬಂಡೆಗಳ ಸಂದಿಯಲ್ಲಿ ತಂಗಿ ಇದ್ದಳು. ಉಸಿರಿತ್ತು. ಸೊಂಟದ ಕೆಳಗೆ ಮುಟ್ಟಿದರೆ ತಿಳಿಯುತ್ತಿರಲಿಲ್ಲ.

“ಮಂಜಲ್ಲಿ ಏನೂ ಕಾಣ್ತಿರಲಿಲ್ಲ, ಅಕ್ಕ. ಚುಕ್ಕೆ ಬಂಡೆ ಮೇಲೇ ಇತ್ತು. ಅಂಚು ಇನ್ನೂ ದೂರ ಅಂದ್ಕೊಂಡೆ.”

ಅಕ್ಕ ಅವಳ ಬಾಯಿಗೆ ನೀರು ಹನಿಸಿದಳು.

ಎರಡು ಕೋಲುಗಳ ನಡುವೆ ಕಂಬಳಿ ಬಿಗಿದು ಅವಳನ್ನು ಮೇಲೆತ್ತುವಷ್ಟರಲ್ಲಿ ಹೊತ್ತು ಇಳಿದಿತ್ತು. ಜೀವಕ್ಕೆ ಭಯವಿಲ್ಲ, ಇನ್ನು ನಡೆಯುವುದು ಮಾತ್ರ ಕಷ್ಟ ಎಂದಳು ಆಸ್ಪತ್ರೆಯ ವೈದ್ಯೆ. ತಂಗಿಯ ಗಂಡ ನೋಡಲು ಬಂದವರಿಗೆಲ್ಲ ಹೇಳಿದ: “ಅಕ್ಕ ಇದ್ದಿದ್ದಕ್ಕೆ ಸಿಕ್ಕಿದ್ಲು. ನಾವಾಗಿದ್ರೆ ಇನ್ನೂ ಆ ಬಂಡೇನೇ ಸುತ್ತುತಾ ಇರ್ತಿದ್ವಿ.” ಪ್ರತಿ ಸಲವೂ ಅವಳು ಸುಲಿದ ಅಂಗೈ ಮಡಚಿಕೊಂಡಳು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ಅಂಗಡಿಯ ಮೇಜಿನ ಮೇಲೆ ಹಾಗೆಯೇ ಬಾಯಿ ತೆರೆದು ಬಿದ್ದಿತ್ತು. ಕೊನೆಯ ಜಾಗವನ್ನೇ ತೋರಿಸುವಂತೆ ಅವಳು ಮಾಡಿಕೊಟ್ಟ ಇನ್ನೂ ಹದಿನೇಳು ರಿಸೀವರುಗಳು ಯಾರ ಯಾರದೋ ಕೈಯಲ್ಲಿ ಕಾಡು ಸುತ್ತುತ್ತಿದ್ದವು. ಅಷ್ಟನ್ನೂ ವಾಪಸು ತರಿಸಬೇಕು. ಆಕಾಶ ಸಿಗದಾಗ ಪರದೆ ಖಾಲಿಯಾಗಲಿ. ಜನ ಬೈಯಲಿ.

ಮೊದಲ ಗಿರಾಕಿಗೆ ಫೋನು ಮಾಡಿದಳು.

“ಏನಾಗಿದೆ ಅದಕ್ಕೆ? ಚೆನ್ನಾಗೇ ತೋರಿಸ್ತಿದೆಯಲ್ಲ,” ಎಂದ ಅವನು.

“ತಂದುಕೊಡಿ,” ಎಂದಳು, ಅಷ್ಟೆ.