ಮೆಣಸಿನಕಾಯಿ ನೆಲಮಾಳಿಗೆಯ ಕೌದಿ

ದಾವಣಗೆರೆ ಮಂಡಿಪೇಟೆಯ ನೆಲಮಾಳಿಗೆಯಲ್ಲಿ ದ್ಯಾಮವ್ವ ಸೀನಿದರೆ ಹರಿಹರದ ಹೊಳೆಯಲ್ಲಿ ಮೀನು ಬೆಚ್ಚಿಬೀಳುತ್ತಿದ್ದವು. ನಂಬದವರು ಆ ಮೀನುಗಳನ್ನೇ ಕೇಳಬಹುದು.

ಅವಳಪ್ಪ ಬಂಗಾರಪ್ಪ ಇಪ್ಪತ್ತು ವರ್ಷ ಒಣಮೆಣಸಿನಕಾಯಿ ತುಂಬಿದ್ದ ಜಾಗ ಅದು. ಘಾಟು ಹೋಗಲೆಂದು ಗೋಡೆಗೆ ಒಂಬತ್ತು ಸಲ ಸುಣ್ಣ ಬಳಿದಿದ್ದಳು ದ್ಯಾಮವ್ವ. ಅಲ್ಲೊಂದು ಹಾಡಿನ ಕೋಣೆ ಆಗಲೇಬೇಕಿತ್ತು.

ತೀರಿಹೋದ ಅವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಮೂವತ್ತು ಪದಗಳು ಈಗ ಅವಳೊಬ್ಬಳ ಗಂಟಲಲ್ಲಿ ಉಳಿದಿದ್ದವು. ಅವನ್ನು ಟೇಪಿಗೆ ಇಳಿಸಬೇಕು. ಮೇಲಿನ ಮನೆಯಲ್ಲಿ ಬಾಯಿ ತೆರೆದರೆ ಹಮಾಲರ ಕೂಗು, ಲಾರಿ ಹಾರನ್ನು...

"ಸಂಕ್ರಾಂತಿ ತನಕ ಟೈಮು," ಅಂದಿದ್ದ ಅಪ್ಪ. "ಅಷ್ಟರೊಳಗೆ ಆದ್ರೆ ಕೋಣೆ ನಿಂದು. ಇಲ್ಲಾಂದ್ರೆ ಹೊಸ ಮೆಣಸಿನಕಾಯಿ ಇಳಿಸ್ತೀನಿ."

ಒಂದು ದಿನ ನೆಲ ಗುಡಿಸುತ್ತಾ ಒಂದು ಪದ ಹಾಡಿ ಮುಗಿಸಿದಳು. ಮೆಟ್ಟಿಲ ಮೇಲಿಂದ ಚಪ್ಪಾಳೆ. ಒಂದೇ ಒಂದು. ಸ್ವಲ್ಪ ತಡೆದು ಇನ್ನೊಂದು.

ತಿರುಗಿ ನೋಡಿದರೆ ಗುರುತಿಲ್ಲದ ಗಂಡಸು, ತಲೆ ವಾರೆ ಮಾಡಿ ನಿಂತಿದ್ದಾನೆ.

'ನನ್ನ ಹಾಡಿಗೆ ಅಣಕ ಮಾಡ್ತಾನಾ ಇವನು?'

ಮೊರದಲ್ಲಿದ್ದ ಮೆಣಸಿನ ಧೂಳಷ್ಟೂ ಅವನ ಮುಖಕ್ಕೆ ಹೋಯಿತು.

ನಲವತ್ತು ಸಲ ಸೀನಿದ ಅವನು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

"ಹರಿಹರದ ರೇಡಿಯೋ ರಿಪೇರಿ ಭರಮಣ್ಣ ನಾನು... ನಿಮ್ಮಪ್ಪಾರು ಕರೆಸಿದ್ರು. ಚಪ್ಪಾಳೆ ತಟ್ಟಿ ಪ್ರತಿಧ್ವನಿ ನೋಡ್ತಿದ್ದೆ ಕಣ್ರಿ."

"ಹೆಂಗೈತ್ರಿ?"

"ಸದ್ಯ ಏನೂ ಕಾಣಂಗಿಲ್ಲ."

ನಾಚಿಕೆಯಿಂದ ಮಜ್ಜಿಗೆ ತಂದಳು. ಕುಡಿಯೋಕಲ್ಲ, ಮುಖ ತೊಳೆಯೋಕೆ.

"ತಟ್ಟಿದ ಚಪ್ಪಾಳೆ ವಾಪಸ್ ಬರಬಾರದು," ಅಂದ ಭರಮಣ್ಣ. "ಬಂದ್ರೆ, ಟೇಪಲ್ಲಿ ನೀವು ಬಾವಿಯೊಳಗೆ ಬಿದ್ದು ಹಾಡ್ದಂಗಿರ್ತದೆ."

ಆಮೇಲೆ ಪ್ರತಿ ಭಾನುವಾರ ಹರಿಹರದ ಬಸ್ಸಿಗೆ ಬಂದ. ಗೋಣಿಚೀಲಗಳಿಗೆ ಗಿರಣಿಯ ರದ್ದಿ ಹತ್ತಿ ತುಂಬಿ ಇಬ್ಬರೂ ಗೋಡೆಗೆ ಬಿಗಿದರು. ಒಂದೊಂದು ಗೋಡೆ ಮುಚ್ಚಿದಾಗಲೂ ಚಪ್ಪಾಳೆ ಇನ್ನಷ್ಟು ಸಣ್ಣಗಾಯಿತು.

'ಇಷ್ಟು ಸೂಕ್ಷ್ಮ ಕಿವಿ ಇವಂದು... ನನ್ನ ಎದೆ ಬಡಿತ ಕೇಳಿಸಿಬಿಟ್ರೆ?'

ನಾಲ್ಕನೇ ಗೋಡೆ ಬಾಕಿ ಇರುವಾಗ ಹತ್ತಿ ಮುಗಿಯಿತು. ಅಂಗಳದ ಬಿಸಿಲಿಗೆ, ಹಳೇ ಸೀರೆ ತುಂಡು ಜೋಡಿಸಿ ಹೊಲಿದ ಒಂದು ದಪ್ಪ ಕೌದಿ ಹಾಕಿತ್ತು. ಭರಮಣ್ಣ ಅದಕ್ಕೆ ಕೈ ಹಾಕಿದ.

"ಮುಟ್ಟಬ್ಯಾಡಪ್ಪ," ಅಂದ ಬಂಗಾರಪ್ಪ. "ಅದು ದ್ಯಾಮಿ ಮದುವೆ ಕೌದಿ. ಅವರವ್ವ ಹೊಲಿದಿದ್ದು."

ಭರಮಣ್ಣನ ಮುಖ ಇಳಿಯಿತು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಕೊನೆಗೆ ಬಸ್ ಕಂಡಕ್ಟರ್ ಗೌಸ್ ಪೀರ್ ಸುದ್ದಿ ತಂದ. "ಭರಮಣ್ಣ ಹೇಳ್ದ ತಾಯಿ, ಮದುವೆ ಚೆನ್ನಾಗಾಗ್ಲಿ ಅಂತ."

"ಯಾರ ಮದುವೆ?"

"ನಿಂದೇ ಅಂತೆ. ನಮ್ಮನ್ನ ಊಟಕ್ಕೂ ಕರೀಲಿಲ್ಲ ನೀನು."

ದ್ಯಾಮವ್ವ ಅಳಲಿಲ್ಲ. ಸೀದಾ ಕೆಳಗಿಳಿದು, ಅದೇ ಕೌದಿಯನ್ನು ನಾಲ್ಕನೇ ಗೋಡೆಗೆ ಮೊಳೆ ಹೊಡೆದು ಬಿಗಿದಳು.

"ಮದುವೆಗೆ ಇಟ್ಟಿದ್ದಲ್ಲೇನೇ ಅದು?" ಅಪ್ಪ ಮೆಟ್ಟಿಲಿಳಿದು ಬಂದ.

"ಅವ್ವನ ಹಾಡಿಗೇ ಆಗದ ಕೌದಿ ಇನ್ಯಾತಕ್ಕಪ್ಪ?"

ಚಪ್ಪಾಳೆ ತಟ್ಟಿದಳು. ಅದು ವಾಪಸ್ ಬರಲಿಲ್ಲ.

ಸಂಕ್ರಾಂತಿಗೆ ಒಂದೇ ದಿನ. ಬಸ್ಸು ಹತ್ತಿದಳು. ಹರಿಹರದ ಅಂಗಡಿ ಬಾಗಿಲಲ್ಲಿ ನಿಂತು ಮತ್ತೊಂದು ಚಪ್ಪಾಳೆ ತಟ್ಟಿದಳು. ರೇಡಿಯೋದೊಳಗೆ ತಲೆ ತೂರಿಸಿದ್ದ ಭರಮಣ್ಣ ಎದ್ದುನಿಂತ.

"ಕೌದಿ ಗೋಡೆಗೆ ಹೊಡೆದೀನಿ. ಟೇಪ್ ರೆಕಾರ್ಡರ್ ಹೊತ್ಕೊಂಡು ನಡೀರಿ."

"ಮದುವೆ ಕೌದೀನಾ? ಗಂಡಿನ ಕಡೆಯೋರು ಏನಂತಾರೆ..."

"ಅದರ ಮೂಲೆ ನೋಡಿದ್ರಾ?"

"ಇಲ್ಲ."

"ಕಿವಿ ಕೊಟ್ಟ ದೇವ್ರು ನಿಮಗೆ ಕಣ್ಣು ಕೊಡೋದು ಮರೆತ. ನಮ್ಮನೇಲಿ ಗಂಡು ಗೊತ್ತಾಗೋ ತನಕ ಮದುವೆ ಕೌದಿಯ ಒಂದು ಮೂಲೆ ಹೊಲಿಯಲ್ಲ. ಅವ್ವ ಬಿಟ್ಟ ಮೂಲೆ ಇನ್ನೂ ಹಂಗೇ ಐತೆ."

ಭರಮಣ್ಣ ಆ ಮಣಭಾರದ ಯಂತ್ರವನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿಕೊಂಡ.

ಅವತ್ತೇ ಮೂವತ್ತು ಪದವನ್ನೂ ಹಾಡಿದಳು ದ್ಯಾಮವ್ವ. ಮೆಟ್ಟಿಲ ಮೇಲೆ ಕೂತಿದ್ದ ಬಂಗಾರಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. "ಇನ್ನೂ ಘಾಟೈತೆ ಕಣವ್ವ," ಅಂದವನೇ, ಮೆಣಸಿನಕಾಯಿಗೆ ಬೇರೆ ಗೋದಾಮು ನೋಡಲು ಎದ್ದು ಹೋದ.

ಆ ಟೇಪು ಕೇಳಿದವರಿಗೆ ಮೂವತ್ತನೇ ಪದ ಮುಗಿದ ಮೇಲೆ ಇನ್ನೊಂದಿಷ್ಟು ಸಿಗುತ್ತದೆ. ಯಂತ್ರ ನಿಲ್ಲಿಸುವುದನ್ನೇ ಮರೆತಿದ್ದ ನಮ್ಮ ರೇಡಿಯೋ ಪಂಡಿತ.

"ಸೂಜಿ ದಾರ ಎಲ್ಲೈತ್ರಿ?"

"ಯಾಕ್ರಿ?"

"ಆ ಮೂಲೆ... ನೀವು ಹ್ಞೂಂ ಅಂದ್ರೆ, ನಾನೇ ಹೊಲೀತೀನಿ."

ಸೂಜಿ ಡಬ್ಬಿಯ ಮುಚ್ಚಳ ತೆರೆದ ಸದ್ದು. ಆಮೇಲೆ, ಬೀಸುಕಲ್ಲಿನ ಪದಕ್ಕಿಂತ ಮೆಲ್ಲಗೆ ಅವಳ ದನಿ.

"ಹ್ಞೂಂ... ಒತ್ತಾಗಿ ಹೊಲೀರಿ. ಬಿಚ್ಚಬಾರದು."