ಸ್ವಾಪ್‌ನಲ್ಲಿ ಕಳೆದ ನವಿಲು

"ನನ್ ಡಿಸೈನ್ ಎಲ್ಲಿ, ಸರವಣಾ?!"

ಜಯಪ್ರಿಯಾ ಕೂಗಿದಳು. ಊಟದ ಡಬ್ಬಿ ಇನ್ನೂ ಕೈಯಲ್ಲೇ ಇತ್ತು. ಊಟ ಮುಗಿಸಿ ಬಂದು ತನ್ನ ಕೆಲಸ ತೆರೆದು ನೋಡಿದರೆ, ಐದು ಗಂಟೆ ಕಾಲ ಬೆನ್ನು ಬಗ್ಗಿಸಿ ಬಿಡಿಸಿದ ಸೀರೆಯಂಚಿನ ನವಿಲು ಪರದೆಯ ಮೇಲಿರಲಿಲ್ಲ.

ಸೇಲಂ ಬಳಿಯ ನಂಗವಳ್ಳಿಯ ಆ ಡಿಸೈನ್ ಅಂಗಡಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಮಧ್ಯಾಹ್ನದವರೆಗೆ ಅವಳದು, ಆಮೇಲೆ ಮದುವೆ ಪತ್ರಿಕೆ ಮಾಡುವ ಸರವಣನದು. ಅದೇ ಯಂತ್ರದಲ್ಲಿ ಅವಳ ಕೆಲಸಕ್ಕೊಂದು ಲಿನಕ್ಸ್ ವ್ಯವಸ್ಥೆ, ಅವನದಕ್ಕೊಂದು; ಒಮ್ಮೆಗೆ ಒಂದೇ ಓಡುತ್ತಿತ್ತು. ಇವತ್ತು ಊಟದ ಹೊತ್ತಿಗೆ ಕರೆಂಟ್ ಹೋಗಿ ಯುಪಿಎಸ್ ಕೂಗಿಕೊಂಡಾಗ, ಬೆಳಿಗ್ಗೆಯಿಂದ ಒಮ್ಮೆಯೂ ಸೇವ್ ಮಾಡಿರದ ಅವಳು ಗಾಬರಿಯಲ್ಲಿ ಹೈಬರ್ನೇಟ್ ಒತ್ತಿ ಎದ್ದಿದ್ದಳು, ತೆರೆದದ್ದೆಲ್ಲ ಹಾಗೇ ಇರುತ್ತದೆಂದು ನಂಬಿ.

ನಾಳೆ ಬೆಳಿಗ್ಗೆ ಆ ನವಿಲನ್ನು ಸೇಲಂನ ಜವಳಿ ಕಂಪನಿಗೆ ತೋರಿಸಬೇಕಿತ್ತು. ಕೆಲಸ ಸಿಕ್ಕರೆ... ನಿನ್ನೆ ಇದೇ ಸರವಣನ್ ತಲೆ ತಗ್ಗಿಸಿ, "ಓಗ್ಬೇಡ ಜಯಾ" ಅಂದಿದ್ದ.

ಅದಕ್ಕೇ ಅಳಿಸಿಬಿಟ್ಟನಾ? ಇಷ್ಟು ಕೀಳಾ ಇವನು!

"ನಾನ್ ಓಗ್ಬಾರ್ದು ಅಂತ ತಾನೇ ಇಂಗ್ ಮಾಡ್ದೆ?"

"ಸತ್ಯಮಾ ಇಲ್ಲ ಜಯಾ!" ಅವನ ಮುಖ ಬಿಳಿಚಿತು. "ಡಿಸ್ಕಲ್ಲಿ ಜಾಗ ಕಮ್ಮಿ ಅಂತ ಎಲ್ಡು ಲಿನಕ್ಸ್‌ಗೂ ಸ್ವಾಪ್ ಅಂತ ಒಂದೇ ಜಾಗ ಇಟ್ಟಿದ್ದೆ. ಹೈಬರ್ನೇಟ್ ಮಾಡಿದ್ರೆ ನಿನ್ ಕೆಲ್ಸ ಓಗಿ ಆ ಜಾಗದಲ್ಲೇ ಕೂತ್ಕಂತೈತೆ. ಕರೆಂಟ್ ಬಂತು, ನಾನು ನನ್ ಲಿನಕ್ಸ್ ಆನ್ ಮಾಡ್ದೆ... ಅದು ನಿಂದನ್ನ ಅಳಿಸಿ ಜಾಗ ತಗಂಬುಡ್ತು. ಮೊದ್ಲೇ ಹೇಳ್ಬೇಕಿತ್ತು. ತಪ್ಪು ನಂದೇ."

ಕೂಗಾಡಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ನಂಬುವುದೋ ಬಿಡುವುದೋ... ಗೋಡೆಗೊರಗಿ ಕೂತುಬಿಟ್ಟಳು.

"ಬುಡು. ನಾಳೆ ಓಗಲ್ಲ."

ಸರವಣನ್ ತನ್ನ ಪತ್ರಿಕೆ ಕೆಲಸ ಬದಿಗಿಟ್ಟು ಅವಳ ಲಿನಕ್ಸ್ ಮುಂದೆಯೇ ಕೂತ. ಅವಳು ಮೊದಲು ಪೆನ್ಸಿಲಿನಲ್ಲಿ ನವಿಲು ಬಿಡಿಸಿಕೊಂಡಿದ್ದ ಗ್ರಾಫ್ ಹಾಳೆಯನ್ನು ಪರದೆಯ ಪಕ್ಕ ಅಂಟಿಸಿದ.

"ನೀನು ಬಣ್ಣ ಹೇಳು, ನಾನು ಚೌಕ ತುಂಬ್ತೀನಿ. ನಾಳೆ ನೀನು ಓಗ್ಲೇಬೇಕು."

ಸಂಜೆ ಆರಕ್ಕೆ ನವಿಲಿನ ಕೊನೆಯ ಗರಿ ಮುಗಿಯಿತು. ಅವನ ಕಣ್ಣು ಕೆಂಪಾಗಿತ್ತು. ಬೇಡ ಅಂದವನೇ ಕಳಿಸೋಕೆ ಕೂತಿದ್ದಾನಲ್ಲ... ಜಯಪ್ರಿಯಾಳ ಮನಸ್ಸು ಕರಗಿಹೋಯಿತು.

"ನಿನ್ನೆ ಯಾಕೆ ಓಗ್ಬೇಡ ಅಂದೆ?"

"ಮಧ್ಯಾಹ್ನ ನೀ ಕುರ್ಚಿ ಬಿಟ್ಕೊಡ್ವಾಗ ನಿನ್ ನೋಡೋಕ್ ಸಿಗೋದು ಎಲ್ಡೇ ನಿಮಿಷ. ಅದಕ್ಕೇ ನಾ ದಿನಾ ಬೇಗ ಬರೋದು. ನಂಗೆ ನೀನ್ ಬೇಕು, ಜಯಾ."

ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. "ಸೇಲಂ ಏನ್ ದೂರನಾ? ಬೆಳಿಗ್ಗೆ ಬಸ್ಸಲ್ಲಿ ಓಗಿ ಸಾಯಂಕಾಲ ಬತ್ತೀನಿ. ಭಾನುವಾರ ಇಲ್ಲೇ ಬಂದು ಕೂತ್ಕತೀನಿ."

"ಅಂಗಾದ್ರೆ ನಿನ್ ಸ್ವಾಪ್ ಬೇರೆ ಮಾಡಿಕ್ತೀನಿ. ಇನ್ನೊಂದ್ಸಲ ನಿಂದು ಕಳೀಬಾರ್ದು."

"ಬೇಡ, ಒಂದೇ ಇರ್ಲಿ. ಕುರ್ಚಿಯಿಂದ ಏಳೋವಾಗ ಸೇವ್ ಮಾಡಿ, ಆಫ್ ಮಾಡಿ, ನಿಂಗೆ ಹೇಳಿ ಓಗ್ತೀನಿ."

"ಮರೆತ್ರೆ?"

"ಮರೆತ್ರೆ... ಇವತ್ತಿನಂಗೇ ಪಕ್ಕದಲ್ಲಿ ಕೂತು ಬಣ್ಣ ತುಂಬು."