ಶಿವಕ್ಕನಾದ ಸೊಸೆ

“ಶಿವಕ್ಕಾ, ಬಟ್ಟೆ ಎಲ್ಲಾ ಒಣಗ್ಬುಟ್ಟವೆ, ಎತ್ಕಂಡು ಹೋಗವಾ ನಡಿ...”

ಕಿಟಕಿಯಾಚೆಯ ಹಿಮವನ್ನೇ ನೋಡುತ್ತ ದೇವಮ್ಮ ಸೊಸೆಯ ಬೆರಳಿಗೆ ಬೆರಳು ಹೆಣೆದರು. ಎದೆ ತೆರೆದು ಆಪರೇಷನ್ ಮಾಡಿ ಐದನೆಯ ದಿನ. ಹೃದಯ ಸರಿಹೋಗಿತ್ತು, ಮನಸ್ಸು ಮಾತ್ರ ಊರ ನಾಲೆಯ ದಂಡೆಗೆ, ಹನ್ನೆರಡರ ವಯಸ್ಸಿಗೆ, ಎಂದೋ ತೀರಿಕೊಂಡ ಅಕ್ಕ ಶಿವಕ್ಕನ ಬಳಿಗೆ ಜಾರಿಹೋಗಿತ್ತು. ಅಮೆರಿಕದ ಡೌನರ್ಸ್ ಗ್ರೋವ್‌ನ ಆ ಆಸ್ಪತ್ರೆಯ ಕೋಣೆಯೂ ಮಧ್ಯಾಹ್ನದ ಬಿಳಿ ಬೆಳಕಿನಲ್ಲಿ ನೀರಿನ ಮೇಲೆ ತೇಲುತ್ತಿರುವಂತಿತ್ತು. ‘ನಾನು ಶಿವಕ್ಕನಲ್ಲ’ ಎಂದು ಸೊಸೆ ಲತಾಶ್ರೀ ಹೇಳಲಿಲ್ಲ. ಹೇಗೆ ಹೇಳಿಯಾಳು! ಬೇರೆ ಜಾತಿಯವಳೆಂದು ಆರು ವರ್ಷ ಹತ್ತಿರ ಸೇರಿಸದ, ಅವಳ ಕೈಯ ನೀರೂ ಕುಡಿಯದ ಅತ್ತೆ ಈಗ ಅವಳ ಭುಜಕ್ಕೆ ತಲೆಯಾನಿಸುತ್ತಿದ್ದರು. ನಿನ್ನೆ ಅವಳ ಕೂದಲು ಸವರಿ, “ಎಷ್ಟು ಚೆಂದಾಗಿದ್ದೀಯಕ್ಕ” ಎಂದಿದ್ದರು...

ದೂರದ ವಾರೆನ್ ಊರಿನಲ್ಲಿ ಕೆಲಸದಲ್ಲಿದ್ದ ಗಂಡ ಮಂಜೇಶ್ ಫೋನ್ ಮಾಡಿದ.

“ಲತಾ, ಡಾಕ್ಟರ್ ಕಾಲ್ ಮಾಡಿದ್ರು. ಅಮ್ಮಂಗೆ ನ್ಯುಮೋನಿಯಾ ಅಂತೆ. ಕೆಮ್ಮಿ ಕಫ ತೆಗೀದಿದ್ರೆ ಮತ್ತೆ ವೆಂಟಿಲೇಟರ್‌ಗೆ ಹಾಕ್ಬೇಕಾಗುತ್ತಂತೆ. ಭ್ರಮೆ ಬಿಡೋಕೆ, ಎಲ್ಲಿದ್ದಾರೆ, ನೀನ್ಯಾರು ಅಂತ ಅವ್ರಿಗೆ ನೆನಪು ಮಾಡಿಸ್ತಾನೇ ಇರ್ಬೇಕಂತೆ. ಮಾಡಿಸ್ತಿದೀಯಲ್ಲ?”

“ಹ್ಞೂಂ...”

ಸುಳ್ಳು! ಎರಡು ದಿನದಿಂದ ಒಂದು ಸಲವೂ ಹೇಳಿರಲಿಲ್ಲ.

ಅವಳು ದಿಂಬು ತಂದಳು. “ಇದನ್ನ ಎದೆಗೆ ಒತ್ತಿಕೊಂಡು ಒಂದ್ಸಲ ಕೆಮ್ಮಿ.”

“ನಂಗೇನಾಗದೆ? ನೀನೇ ಕೆಮ್ಮು, ಮುದುಕಿ!” ದೇವಮ್ಮ ಕಿಲಕಿಲ ನಕ್ಕರು. ನಗುವಿನೊಳಗೇ ಎದೆ ಗೊರಗೊರ ಎಂದಿತು. ತುಟಿಯಂಚು ನೀಲಿಗಟ್ಟಿತ್ತು.

ಇನ್ನೊಂದು ಗಳಿಗೆ... ಇನ್ನೊಂದೇ ಗಳಿಗೆ ಈ ಅಕ್ಕನಾಗಿ ಇದ್ದುಬಿಡಬಾರದೇ?

“ಅತ್ತೆ,” ಲತಾಶ್ರೀ ಮತ್ತೆ ಅವರ ಬೆರಳಿಗೆ ಬೆರಳು ಹೆಣೆದಳು. “ಇದು ಅಮೆರಿಕ. ನಿಮಗೆ ಹಾರ್ಟ್ ಆಪರೇಷನ್ ಆಗಿದೆ. ಶಿವಕ್ಕ ಹೋಗಿ ಮೂವತ್ತು ವರ್ಷ ಆಯ್ತು.”

“ಹಂಗಾರೆ... ನೀನ್ಯಾರು?”

“ಮಂಜೇಶನ ಹೆಂಡತಿ. ಲತಾ.”

ದೇವಮ್ಮ ಅವಳ ಮುಖವನ್ನೇ ನೋಡಿದರು. ಹೆಣೆದ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. “ಅಕ್ಕಾ...!” ಎಂಬ ಅಳು ಒತ್ತರಿಸಿ ಬಂದು ಕೆಮ್ಮಾಗಿ ಒಡೆಯಿತು. ಲತಾಶ್ರೀ ದಿಂಬನ್ನು ಅವರ ಎದೆಗೆ ಅವುಚಿ ಹಿಡಿದಳು. ಮತ್ತೆ ಕೆಮ್ಮು, ಮತ್ತೆ... ಕಫ ಕಿತ್ತುಬಂತು. ಓಡಿಬಂದ ನರ್ಸ್, ಪರದೆಯ ಮೇಲೆ ಆಕ್ಸಿಜನ್‌ನ ಅಂಕಿ ಏರುವುದನ್ನು ಕಂಡು ಹಿಗ್ಗಿದಳು.

ಉಸಿರು ಹಗುರಾದ ಮೇಲೆ ದೇವಮ್ಮ ನೀರು ಬೇಕೆಂದು ನರ್ಸ್‌ನ ಕಡೆಗೆ ಕೈಚಾಚಿದರು. ಲತಾಶ್ರೀ ತಾನು ತುಂಬಿಸಿದ ಲೋಟವನ್ನು ನರ್ಸ್‌ನ ಕೈಗಿತ್ತು, ಅತ್ತೆ ಕುಡಿದು ಮುಗಿಸುವವರೆಗೆ ಬಾಗಿಲ ಬಳಿ ನಿಂತಿದ್ದಳು.